ಅತ್ತೆಯ ಕಾವಲಿಯ ಮೇಲೆ ನಿನ್ನೆಯ ಬಟಾಟೆ

ಹೆಂಡತಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ, ಬಾಣಂತನಕ್ಕೆಂದೇ ಊರಿನಿಂದ ದೋಹಾಕ್ಕೆ ಬಂದಿದ್ದ ಅತ್ತೆ, ತಮ್ಮನ್ನು ವಾಪಸು ಕಳುಹಿಸಬೇಕೆಂದು ಹಟ ಹಿಡಿದರು. ಕಾರಣ ನಮ್ಮ ಫ್ರಿಜ್ಜು. ಇಬ್ಬರೂ ಕೆಲಸಕ್ಕೆ ಹೋಗುವ ನಾವು ಶುಕ್ರವಾರ ಅಡಿಗೆ ಮಾಡಿ, ಡಬ್ಬಿಗಳಲ್ಲಿ ತುಂಬಿಸಿ, ವಾರವಿಡೀ ಬಿಸಿ ಮಾಡಿ ಉಣ್ಣುತ್ತಿದ್ದೆವು. ಆಹಾರವನ್ನು ಎಸೆಯುವುದು ಅನ್ಯಾಯವೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ನಮ್ಮ ಊರವರ ಕೂಟಗಳಲ್ಲಿ ಉಳಿದ ಊಟವನ್ನು ಹಂಚಿಯೇ ಏಳಬೇಕೆಂದು ಪ್ರತಿ ಬಾರಿಯೂ ಎದ್ದು ನಿಂತು ಮಾತಾಡುತ್ತಿದ್ದೆ. ನನ್ನ ಪಾಲಿಗೆ ಆ ಡಬ್ಬಿಗಳು ಒಂದು ತತ್ತ್ವ. ಅತ್ತೆಯ ಪಾಲಿಗೆ ತಂಗಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಂತೆ, ಎದುರಾಳಿಯ ಮಾತಿನಿಂದಲೇ ವಾದ ಆರಂಭಿಸಿದೆ.

“ನಿನ್ನೆಯ ಮೀನು ಸಾರು ಇವತ್ತೇ ರುಚಿ ಅಂತ ನೀವೇ ಹೇಳುವುದಲ್ಲವಾ ಅತ್ತೆ? ಹಾಗಾದರೆ ನಿನ್ನೆಯ ಪಲ್ಯ ಎಂತ ತಪ್ಪು ಮಾಡಿತು?”

“ಮೀನು ಸಾರು ನಿಲ್ಲುವುದು ಹುಳಿಯಲ್ಲಿ. ನಿಮ್ಮ ಪಲ್ಯ ನಿಲ್ಲುವುದು ಕರೆಂಟಿನಲ್ಲಿ,” ಎಂದರು ಅತ್ತೆ. “ಬರುವ ವಾರದ ಟಿಕೆಟು ನೋಡಿ.”

ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅವಳಿಗದು ಮೊದಲ ಹೆರಿಗೆ. ತಾಯಿ ಹತ್ತಿರವಿಲ್ಲದೆ ಅದನ್ನು ಎದುರಿಸುವ ಧೈರ್ಯ ಅವಳಲ್ಲಿರಲಿಲ್ಲ.

ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿ ನಾವಿದ್ದ ವಿಲ್ಲಾದ ಮುಂಭಾಗದಲ್ಲಿ ಇಂಗ್ಲೆಂಡಿನ ಹಿರಿಯ ಮಹಿಳೆಯೊಬ್ಬರು ಬಾಡಿಗೆಗಿದ್ದರು. ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ತಮ್ಮ ನಾಡಿನ ಭಾನುವಾರದ ದೊಡ್ಡ ಊಟವನ್ನು ಅವರು ಇಲ್ಲಿಯ ರಜೆಗೆ ತಕ್ಕಂತೆ ಶುಕ್ರವಾರಕ್ಕೆ ಸರಿಸಿಕೊಂಡಿದ್ದರು: ಓವನ್ನಿನಲ್ಲಿ ಸುಟ್ಟ ಮಾಂಸ, ಜೊತೆಗೆ ಬಟಾಟೆ, ಕ್ಯಾರೆಟ್ಟು, ಬೇಯಿಸಿದ ಕ್ಯಾಬೇಜು. ಆ ಶುಕ್ರವಾರ ನಮ್ಮನ್ನೂ ಕರೆದಿದ್ದರು. ಅತ್ತೆ ಕಿತ್ತಳೆಯ ನಾಲ್ಕು ತೊಳೆ ತಿಂದು ಎದ್ದು ಬಂದಿದ್ದರು.

ಮರುದಿನ ಬೆಳಿಗ್ಗೆ ಆಕೆ ಉಳಿದ ತರಕಾರಿಯ ಬೋಗುಣಿ ಹಿಡಿದು ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದರು. ಅವರ ಗ್ಯಾಸ್ ಸಿಲಿಂಡರು ಖಾಲಿಯಾಗಿತ್ತು. ಹಿಂದಿನ ದಿನದ ತರಕಾರಿಯನ್ನು ಹಿಸುಕಿ, ದಪ್ಪಗೆ ತಟ್ಟಿ, ಕೆಂಪಗೆ ಕಾಯಿಸುವ ‘ಬಬಲ್ ಆ್ಯಂಡ್ ಸ್ಕ್ವೀಕ್’ ಎಂಬ ತಿಂಡಿ ಅವರ ಕಡೆ ತಲೆತಲಾಂತರದಿಂದ ನಡೆದುಬಂದದ್ದಂತೆ. ಕಾಯುವಾಗ ಗುಳುಗುಳು, ಕೀಚುಕೀಚು ಎಂದು ಸದ್ದು ಮಾಡುವುದರಿಂದ ಆ ಹೆಸರು. ನನ್ನ ಪಕ್ಷಕ್ಕೆ ಇಡೀ ಒಂದು ನಾಡೇ ಬಂದು ಸೇರಿದಂತೆ ನನಗೆ ಹಿಗ್ಗಾಯಿತು.

ಬಾಗಿಲ ಬಳಿ ನಿಂತಿದ್ದ ಅತ್ತೆ ನನಗೆ ಹೇಳಿದರು: “ನಿನ್ನೆ ಆ ಬಟಾಟೆಯನ್ನು ಯಾವ ಎಣ್ಣೆಯಲ್ಲಿ ಹುರಿದದ್ದು, ಕೇಳಿ.”

ಅಷ್ಟೊಂದು ವಾದಿಸಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಕೇಳಿದೆ.

“ಸೂರ್ಯಕಾಂತಿ ಎಣ್ಣೆ. ನಮ್ಮಲ್ಲಿ ದನದ ಕೊಬ್ಬಿನಲ್ಲಿ ಹುರಿಯುವ ರೂಢಿ. ನಿಮ್ಮತ್ತೆ ಬರುತ್ತಾರೆಂದು ಕೋಳಿ ತಂದೆ, ತರಕಾರಿಯನ್ನು ಬೇರೆ ಟ್ರೇಯಲ್ಲಿಟ್ಟೆ. ನಿನ್ನೆಯೇ ಹೇಳಬೇಕಿತ್ತು.”

ಒಂದಕ್ಷರ ಬಿಡದೆ ಅನುವಾದಿಸಿದೆ. ಅತ್ತೆ ಆಕೆಯ ಕೈಯಿಂದ ಬೋಗುಣಿ ತೆಗೆದುಕೊಂಡು ಒಲೆಯ ಪಕ್ಕದಲ್ಲಿಟ್ಟರು. ಆಮೇಲೆ ಒಳಗೆ ಹೋಗಿ, ಊರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದ ಬೀಡುಕಬ್ಬಿಣದ ದೋಸೆ ಕಾವಲಿಯನ್ನು ಮಂಚದಡಿಯಿಂದ ಎಳೆದು ತಂದರು. ದೋಸೆಹಿಟ್ಟನ್ನೂ ಅಂಗಡಿಯಿಂದಲೇ ತಂದು, ನಾನ್‌ಸ್ಟಿಕ್ ತವಾದಲ್ಲಿ ಹೊಯ್ಯುವ ನಮ್ಮ ಮನೆಯಲ್ಲಿ ಅದಕ್ಕೆ ಕೆಲಸವೇ ಬಿದ್ದಿರಲಿಲ್ಲ. ಅವರಿಗೂ ಬಿದ್ದಿರಲಿಲ್ಲವೆಂಬುದು ನನಗೆ ಆಗ ತಿಳಿಯಿತು.

ಬಿಸಿ ಕಾವಲಿಯ ಮೇಲೆ ಹಿಸುಕಿದ ತರಕಾರಿ ಬಿತ್ತು. ಆಕೆ ಸಟ್ಟುಗವೆತ್ತಿದೊಡನೆ ಅತ್ತೆ ಮಣಿಕಟ್ಟನ್ನೇ ಹಿಡಿದರು.

“ಬೇಡ, ಬೇಡ! ಅಂಚು ಬಿಡಲಿ. ಈಗ ಮಗುಚಿದರೆ ತಲೆ ಇಲ್ಲಿ, ಕಾಲು ಅಲ್ಲಿ. ವೆಯ್ಟು!”

“ವೆಯ್ಟು,” ಎಂದು ಆಕೆಯೂ ನಕ್ಕರು.

ನಾನು ಬೆರಗಾದದ್ದು ಅನಂತರ ನಡೆದದ್ದಕ್ಕೆ. ಅತ್ತೆ ಅಂಚನ್ನು ನೋಡುತ್ತಿದ್ದರು, ಅದು ಬಿಳಿಯಿಂದ ಹೊಂಬಣ್ಣಕ್ಕೆ, ಹೊಂಬಣ್ಣದಿಂದ ಕಂದು ಬಣ್ಣಕ್ಕೆ ತಿರುಗುವುದನ್ನು. ಸಂಗೀತದ ಆಕೆ ಕಣ್ಣು ಮುಚ್ಚಿ ಸದ್ದನ್ನು ಆಲಿಸುತ್ತಿದ್ದರು. ಗುಳುಗುಳು ನಿಂತಿತು, ಕೀಚು ಸಣ್ಣದಾಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರೂ ಒಂದೇ ಕ್ಷಣದಲ್ಲಿ ನುಡಿದರು:

“ಈಗ.”

“ನೌ.”

ಮಗುಚಿದಾಗ ಅದು ಇಡಿಯಾಗಿ ಬಂತು. ನಿನ್ನೆಯ ಬಟಾಟೆ, ನಿನ್ನೆಯ ಕ್ಯಾಬೇಜು ಎಂದು ನಾನು ಬಲ್ಲವನಾಗಿದ್ದರೂ, ಆ ಕೆಂಪು ಹೊರಪದರದೆದುರು ನಿನ್ನೆ ಎಂಬ ಪದಕ್ಕೆ ಅರ್ಥವೇ ಉಳಿದಿರಲಿಲ್ಲ. ಮಾತಿನಿಂದ ಬದಲಿಸಲು ನಾನು ಇಷ್ಟು ವರ್ಷ ಹೆಣಗಿದ್ದು ಬೆಂಕಿಯ ಮೇಲೆ, ನನ್ನ ಕಣ್ಣೆದುರಿಗೇ, ಬದಲಾಗಿ ಕುಳಿತಿತ್ತು.

ಅತ್ತೆ ಒಂದು ತುಂಡು ಮುರಿದು ತಿಂದರು. “ಹಸಿಮೆಣಸು ಹಾಕಬಹುದಾ, ಕೇಳಿ.”

“ಯಲ್ಲಾ!” ಎಂದು ಅರಬಿಯಲ್ಲೇ ಹುರಿದುಂಬಿಸಿದರು ಆಕೆ, ನಾನು ಕೇಳುವ ಮೊದಲೇ ಅತ್ತೆಯ ಕೈಯಲ್ಲಿದ್ದ ಮೆಣಸನ್ನು ಕಂಡು.

“ನಿಮ್ಮದು ಬಿಸಿ ಮಾಡುವುದು,” ಎಂದರು ಅತ್ತೆ ನನ್ನ ಕಡೆ ತಿರುಗಿ. “ಅಡಿಗೆ ಅಂದರೆ ಇದು ಮಾರಾಯ್ರೆ.”

“ಹಾಗಾದರೆ ಟಿಕೆಟು?”

“ಖಲಾಸ್,” ಎಂದರು, ಗಲ್ಫಿನಲ್ಲಿ ತಾವು ಕಲಿತಿದ್ದ ಒಂದೇ ಅರಬಿ ಪದವನ್ನು ಬಳಸಿ. ಆಮೇಲೆ, ಕೋಣೆಯಿಂದ ಎದ್ದು ಬಂದು ಗೋಡೆಗೊರಗಿ ನಿಂತಿದ್ದ ಮಗಳಿಗೆ ಹೇಳಿದರು: “ಇವತ್ತು ಬಟಾಟೆ ಸ್ವಲ್ಪ ಜಾಸ್ತಿ ಬೇಯಿಸುವ. ನಾಳೆಗೆ ಉಳಿಯಬೇಕು.”