ಅಮ್ಮನ ಪಂಪೂ ಬಾಲವಿಲ್ಲದ ಪ್ರಾಣಿಯೂ

ಮೊನ್ನೆ ಭಾನುವಾರ ನಮ್ಮಮ್ಮ ತನ್ನ ಪಂಪನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟು, "ಇನ್ಮೇಲೆ ಇದು ಬೇಡ ಕಣೋ" ಅಂದುಬಿಟ್ಟಳು.

ಪಂಪ್ ಅಂದರೆ ಇನ್‌ಹೇಲರ್. ಅಮ್ಮನಿಗೆ ಆಸ್ತಮಾ. ಹನುಮಂತನಗರದ ಚಳಿ, ಧೂಳು, ಪಕ್ಕದ ಮನೆಯ ಒಗ್ಗರಣೆ, ಯಾವುದಾದರೂ ಒಂದು ಸಾಕು, ಎದೆಯೊಳಗೆ ಗೊರಗೊರ ಶುರು. ಅಂಥವಳು ಪಂಪ್ ಬೇಡ ಅಂದರೆ?

ಆದದ್ದಿಷ್ಟು. ಔಷಧಗಳ ಬಗ್ಗೆ ರಿಸರ್ಚ್ ಮಾಡುತ್ತಿರುವ ಅಕ್ಕನ ಮಗಳು ಸಿಂಚನಾ ಊಟಕ್ಕೆ ಬಂದಿದ್ದಳು. ಅಮ್ಮ ಅವರೆಕಾಳು ಹಿದುಕುತ್ತಾ, "ಪುಟ್ಟಿ, ದಿನವಿಡೀ ಲ್ಯಾಬಲ್ಲಿ ಏನೇ ಮಾಡ್ತೀಯ?" ಅಂತ ಕೇಳಿದಳು. (ಬಿಸ್ಕತ್ ಪೊಟ್ಟಣದಲ್ಲೂ ಹಸಿರು ಚುಕ್ಕೆ ಹುಡುಕುವ ಅಜ್ಜಿಯ ಎದುರು ನೋಡಿಕೊಂಡು ಮಾತಾಡಬೇಕು ಅಂತ ಈ ಪಿಎಚ್‌ಡಿ ಹುಡುಗಿಗೆ ಹೊಳೆಯಲಿಲ್ಲ.)

"ನಿನ್ನ ಕಾಯಿಲೇದೇ ಅಜ್ಜಿ. ಗಿನಿ ಪಿಗ್ ಅಂತ ಇರತ್ತಲ್ಲ, ಇಲಿ ಥರ, ಬಾಲ ಇರಲ್ಲ. ಅದನ್ನ ಗಾಜಿನ ಬಾಕ್ಸಲ್ಲಿಟ್ಟು ಹಿಸ್ಟಮಿನ್ ಅನ್ನೋದನ್ನ ಮಂಜಿನ ಥರ ಬಿಡ್ತೀವಿ. ಉಸಿರಿನ ಕೊಳವೆ ಬಿಗಿಯತ್ತೆ, ಗಾಳಿ ಒಳಗೇ ಸಿಕ್ಕಾಕೊಳತ್ತೆ. ಶ್ವಾಸಕೋಶ ಹಿಗ್ಗೋಕೆ ಎಷ್ಟು ಕಷ್ಟಪಡತ್ತೆ ಅಂತ ಮೆಷಿನ್ನಲ್ಲಿ ನೋಡ್ತೀವಿ."

ಅಮ್ಮನ ಕೈ ನಿಂತಿತು. "ನಂಗಾಗತ್ತಲ್ಲ, ಹಂಗೇನಾ?"

"ಹಂಗೇ. ಅದಕ್ಕೇ ಆ ಪ್ರಾಣೀನ ಬಳಸೋದು."

"ಔಷಧಿ ಕೊಡ್ತೀರ ತಾನೆ?"

"ಕೆಲವಕ್ಕೆ ಮೊದಲೇ ಕೊಟ್ಟಿರ್ತೀವಿ. ಇನ್ನು ಕೆಲವಕ್ಕೆ ಬರೀ ನೀರು. ಇಲ್ದಿದ್ರೆ ಔಷಧಿ ಕೆಲಸ ಮಾಡ್ತು ಅಂತ ಹೆಂಗೆ ಗೊತ್ತಾಗತ್ತೆ? ಒದ್ದಾಡೋಕೆ ಶುರುಮಾಡಿದ್ರೆ ಆಚೆ ತೆಗೀತೀವಿ. ಪರ್ಮಿಷನ್, ಕಮಿಟಿ ಎಲ್ಲಾ ಇದೆ ಅಜ್ಜಿ."

ನಾನು ಬೆಚ್ಚಿಬಿದ್ದೆ. ಎಷ್ಟು ವರ್ಷಗಳಿಂದ ಮೆಡಿಕಲ್ ಶಾಪಿನಿಂದ ಪಂಪ್ ತರುತ್ತಿದ್ದೇನೆ! ಎಕ್ಸ್‌ಪೈರಿ ನೋಡಿದ್ದೇನೆ, ಡಿಸ್ಕೌಂಟ್ ಕೇಳಿದ್ದೇನೆ. ಇಂಥ ಔಷಧಿಯನ್ನು ಮೊದಲು ಯಾರ ಉಸಿರು ಕಟ್ಟಿಸಿ ನೋಡಿರುತ್ತಾರೆ ಅಂತ ಒಮ್ಮೆಯಾದರೂ ಯೋಚಿಸಿದ್ದೇನಾ? ನೀವು ಯೋಚಿಸಿದ್ದೀರಾ?

ಪಂಪ್ ಫ್ರಿಜ್ಜಿನ ಮೇಲೆ ಹೋದದ್ದು ಆಗಲೇ. ಸಂಜೆ ಹೊತ್ತಿಗೆ ಅಮ್ಮನಿಗೆ ಉಸಿರು ಸಿಗದಾಯಿತು. ಸೋಫಾದ ಕೈ ಹಿಡಿದು ಮುಂದಕ್ಕೆ ಬಾಗಿ ಕೂತಳು. ತುಟಿ ಕಪ್ಪಿಟ್ಟಿತು. ಸಿಂಚನಾ ಅಳುತ್ತಾ, "ತೊಗೋ ಅಜ್ಜಿ, ಪ್ಲೀಸ್" ಅಂತ ಗೋಗರೆದಳು. ಅಮ್ಮ ತಲೆಯಾಡಿಸಿದಳು, ಬೇಡ.

"ನೀನು ಉಸಿರುಗಟ್ಟಿ ಸತ್ರೆ ಆ ಪ್ರಾಣಿಗೇನು ಬಂತಮ್ಮಾ?" ಅಂತ ನಾನು ಕಿರುಚಿಬಿಟ್ಟೆ. ಸಿಟ್ಟಲ್ಲ, ಭಯ. ಪಂಪನ್ನು ಬಾಯಿಗೇ ಹಿಡಿದೆ. ಅಮ್ಮ ನನ್ನ ಮುಖ ನೋಡಿದಳು, ಬಾಯಿ ತೆರೆದಳು. ಒಂದು ಸಲ ಒತ್ತಿದೆ, ಮತ್ತೊಂದು ಸಲ. ನಾನೂ ಸಿಂಚನಾಳೂ ಆಚೀಚೆ ಕೂತು ಬೆನ್ನು ಸವರಿದೆವು. ನಿಧಾನವಾಗಿ ಎದೆಯ ಸದ್ದು ಇಳಿಯಿತು.

ಔಷಧಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಖಾಲಿಯಾದರೆ ನಾಳೆಯೂ ಓಡಿಹೋಗಿ ತರುವವನು ನಾನೇ. ಆದರೆ ಉಸಿರು ಬಂದ ಮೇಲೆ ಅಮ್ಮ ಮೊಮ್ಮಗಳ ಕೈ ಹಿಡಿದು ಕೇಳಿದಳು:

"ಬರೀ ನೀರು ಕೊಟ್ಟಿರ್ತೀರಲ್ಲ ಪುಟ್ಟಿ, ಅದರ ಬೆನ್ನು ಯಾರು ಸವರ್ತಾರೆ?"