ಮುಚ್ಚಳದೊಳಗಿನ ಚೀಟಿ

ಗಿಟಾರಿನ ಸದ್ದನ್ನು ಒರಟಾಗಿಸುವ ಪೆಡಲ್ ಯಾರದೇ ಇರಲಿ, ನನ್ನ ಗೆಳೆಯ ಅದನ್ನು ಬಿಚ್ಚದೆ ಬಿಡುತ್ತಿರಲಿಲ್ಲ. "ಕಂಪನಿಯವರಿಗೆ ಕಿವಿ ಎಲ್ಲಿದೆ ಹೇಳು" ಎನ್ನುತ್ತ ಕೆಪಾಸಿಟರ್ ಕಿತ್ತು ಬೇರೆಯದನ್ನು ಬೆಸೆಯುತ್ತಿದ್ದ. ಮುಂದೆ ಬಿಚ್ಚುವವನಿಗೆಂದು, ಏನನ್ನು ಏಕೆ ಬದಲಿಸಿದೆ ಎಂದು ಚೀಟಿ ಬರೆದು, ಕಿತ್ತದ್ದನ್ನು ಅದರಲ್ಲೇ ಸುತ್ತಿ ಮುಚ್ಚಳದೊಳಗೆ ಅಂಟಿಸುತ್ತಿದ್ದ. ಊಟಕ್ಕೆ ಕರೆದರೆ "ಇದೊಂದು ಡಯೋಡ್ ಕಣೇ" ಎನ್ನುವನು; "ಮದುವೆಯಾದಾಗಿಂದ ಅದೊಂದೇ ಡಯೋಡ್" ಎಂದು ಹೆಂಡತಿ ಗೊಣಗುವಳು. ಕೊನೆಯ ವರ್ಷಗಳಲ್ಲಿ ಅವನು ಮುಟ್ಟಿದ ಪೆಡಲುಗಳು ಕಿವಿ ಕೊರೆಯುತ್ತಿದ್ದವು. ಉಳಿದವರು ಬೇರೆ ಕಡೆ ಹೋಗಿ ಹಳೆಯದನ್ನೇ ಹಾಕಿಸಿಕೊಂಡರು. "ಹೇಗಿದೆಯೋ?" ಎಂದು ಅವನು ಕೇಳಿದಾಗ ನಾನು ಮಾತ್ರ ನಗುತ್ತ ತಲೆಯಾಡಿಸುತ್ತಿದ್ದೆ. ಅವನನ್ನು ಮಣ್ಣು ಮಾಡಿ ಬಂದು ನನ್ನ ಪೆಡಲ್ ಬಿಚ್ಚಿದೆ. ಚೀಟಿಯಲ್ಲಿ ಹೀಗಿತ್ತು: "ಎರಡು ಕೆಪಾಸಿಟರ್ ಬದಲಿಸಿದ್ದೀನಿ. ನನಗೀಗ ಕಿವಿ ಸರಿಯಾಗಿ ಕೇಳಲ್ಲ. ಇವನ ಮುಖ ನೋಡಿಕೊಂಡು ಹಾಕಿದ್ದು."