ಒಂದೇ ಅಂಕಿಯನ್ನು ನಂಬದ ಪ್ರಭಾವತಿ ಮೇಡಂ

"ಅಣ್ಣನ ಲಿವರಿನ ಅಂಕಿ ಮೂವತ್ತೆಂಟು ಇದ್ದದ್ದು ಇನ್ನೂರ ಹತ್ತಕ್ಕೆ ಏರಿದೆ. ನೀವು ಬುಧವಾರದವರೆಗೆ ಕಾಯಿರಿ ಅಂತೀರಿ. ಕಾಯಲಿಕ್ಕೆ ಇದೆಂತ ಬಸ್ಸಾ ಡಾಕ್ಟ್ರೇ?"

ಕಾಪುವಿನ ಮೀನು ವ್ಯಾಪಾರಿ ರೂಪೇಶ್ ಮೇಜು ಗುದ್ದಿ ಹೀಗೆ ಕೇಳಿದಾಗ, ಡಾ. ಪ್ರಭಾವತಿಯವರು ರಕ್ತದ ವರದಿಯಿಂದ ತಲೆ ಎತ್ತಲಿಲ್ಲ.

"ನಿಮ್ಮ ಅತ್ತಿಗೆ ಹೊರಗೆ ಕೂತಿದ್ದಾರೆ. ಮೆಲ್ಲ ಮಾತಾಡಿ ಮಾರಾಯ್ರೆ."

"ಅವರ ಅರ್ಧ ಲಿವರ್ ಅಣ್ಣನ ಹೊಟ್ಟೆಯಲ್ಲಿ ಉಂಟು. ಅದು ಹೋದರೆ ಕೊಡಲಿಕ್ಕೆ ಇನ್ನು ಯಾರಲ್ಲಿ ಉಂಟು?"

ಅಣ್ಣ ಚಂದು ಅವರಿಗೆ ಲಿವರ್ ಕಸಿಯಾಗಿ ಆಗ ಏಳು ತಿಂಗಳು. ಕಸಿಯಾದವರ ರಕ್ತಪರೀಕ್ಷೆಯನ್ನು ಓದುವುದರಲ್ಲಿ ಉಡುಪಿ ಸೀಮೆಯಲ್ಲಿ ಪ್ರಭಾವತಿಯವರಷ್ಟು ನುರಿತವರು ವಿರಳ. ಮೂವತ್ತನಾಲ್ಕು ವರ್ಷಗಳ ಹಿಂದೆ ಕಾರ್ಕಳದ ಪುಟ್ಟ ಆಸ್ಪತ್ರೆಯೊಂದರಲ್ಲಿ ಕಾಮಾಲೆಯ ರೋಗಿಗಳನ್ನು ನೋಡುತ್ತ ಸೇವೆ ಆರಂಭಿಸಿದ ಅವರು, ಮಣಿಪಾಲಕ್ಕೆ ಬಂದ ಮೇಲೂ, ಪ್ರತಿ ರೋಗಿಯ ಅಂಕಿಗಳನ್ನು ದಿನಾಂಕದ ಸಮೇತ ಒಂದೇ ಹಾಳೆಯಲ್ಲಿ ಕೈಯಿಂದ ಬರೆದುಕೊಳ್ಳುವ ಅಭ್ಯಾಸವನ್ನು ಬಿಡಲಿಲ್ಲ. ಇಂದಿನ ಅಂಕಿಯನ್ನು ಹಿಂದಿನದರ ಪಕ್ಕದಲ್ಲಿಡದೆ ಓದಬಾರದು ಎಂದು ಕಿರಿಯರಿಗೆ ಹೇಳುತ್ತಿದ್ದರು. ಕೇಳದಿದ್ದರೆ ಚೆನ್ನಾಗಿ ಬೈಯುತ್ತಲೂ ಇದ್ದರು. ಇದು ಅವರ ನಿವೃತ್ತಿಯ ಅಭಿನಂದನೆಯ ಲೇಖನವೆಂದು ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಂತೆಕಟ್ಟೆಯಲ್ಲಿ ಬಸ್ಸು ಕೆಟ್ಟು ತಡವಾಗಿ ಬಂದ ರೋಗಿಯೊಬ್ಬರಿಗಾಗಿ ಊಟ ಬಿಟ್ಟು ಕಾದವರೂ ಅವರೇ.

ಅಂದು ಕಿರಿಯ ವೈದ್ಯ ಡ್ಯಾರಿಲ್, ದೇಹವು ಹೊಸ ಲಿವರನ್ನು ತಿರಸ್ಕರಿಸುತ್ತಿದೆ ಎಂದು ರೂಪೇಶರಿಗೆ ಆಗಲೇ ಹೇಳಿಬಿಟ್ಟಿದ್ದರು. ಆ ಸಾಧ್ಯತೆಯನ್ನು ಪ್ರಭಾವತಿಯವರು ತಳ್ಳಿಹಾಕಲಿಲ್ಲ. ಚಂದು ಅವರನ್ನು ವಾರ್ಡಿಗೆ ಸೇರಿಸಿಕೊಂಡು, ಅಂಕಿ ಇನ್ನೂ ಏರಿದರೆ ಬುಧವಾರವೇ ಲಿವರಿನ ಚೂರು ತೆಗೆದು ಪರೀಕ್ಷಿಸಲು ಏರ್ಪಾಡು ಮಾಡಿದರು. ಆದರೆ ಹಾಳೆಯಲ್ಲಿ ಏರಿದ್ದು ಲಿವರಿನ ಜೀವಕೋಶಗಳಿಗೆ ಪೆಟ್ಟು ಬಿದ್ದಾಗ ಏರುವ ಎರಡು ಕಿಣ್ವಗಳು ಮಾತ್ರ. ಪಿತ್ತನಾಳ ಕಟ್ಟಿದರೆ ಏರುವಂಥವು ಇದ್ದಲ್ಲೇ ಇದ್ದವು. ತಿರಸ್ಕಾರ ತಡೆಯುವ ಮಾತ್ರೆಯ ಮಟ್ಟವೂ ರಕ್ತದಲ್ಲಿ ಸರಿಯಾಗಿತ್ತು. ಹಾಗಾದರೆ ಹೊಸದಾಗಿ ಹೊಟ್ಟೆಗೆ ಹೋದದ್ದು ಏನಾದರೂ ಇರಬಹುದು.

ಅವರು ಕನ್ನಡಕ ತೆಗೆದು ಕೇಳಿದರು: "ಗುರುವಾರ ಆಟಿ ಅಮಾವಾಸ್ಯೆ ಆಯ್ತಲ್ವಾ? ಅಣ್ಣನಿಗೆ ಪಾಲೆಯ ಕಷಾಯ ಕೊಟ್ಟಿರಾ?"

ರೂಪೇಶ್ ಮೇಜಿನ ಮೇಲಿಂದ ಕೈ ತೆಗೆದರು. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಪಾಲೆಮರದ ತೊಗಟೆ ತಂದವರು ಅವರೇ. ಆಟಿ ತಿಂಗಳ ಆ ಅಮಾವಾಸ್ಯೆಯಂದು, ವರ್ಷಕ್ಕೊಮ್ಮೆ, ತುಳುನಾಡಿನ ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಕುಡಿಯುವ ಕಹಿ. ಎಲ್ಲರಿಗಿಂತ ಅಣ್ಣನಿಗೇ ಅದು ಹೆಚ್ಚು ಬೇಕೆಂದು, ಉಳಿದದ್ದನ್ನೂ ಮೂರು ದಿನ ಕುಡಿಸಿದ್ದರು.

"ಅದು ಮದ್ದಲ್ವಾ ಡಾಕ್ಟ್ರೇ?" ಸ್ವರ ಇಳಿದಿತ್ತು.

"ನಿಮಗೆ ಮದ್ದು. ನಾನೂ ಕುಡಿದವಳೇ. ಅಣ್ಣನ ಲಿವರ್ ಏಳು ತಿಂಗಳ ಕೂಸು. ಅದಕ್ಕೆ ನಾವು ಹೇಳದ ಮದ್ದು ಯಾವುದೂ ಬೇಡ."

ಹೊರಗೆ ಬಂದು ಅವರು ಅತ್ತಿಗೆ ಪುಷ್ಪಾವತಿಯವರಿಗೆ ಹೇಳಿದ್ದು ಇಷ್ಟೇ: ಯಾವುದೋ ಕಷಾಯದಿಂದ ಹೀಗಾಗಿರಬಹುದು, ನಿಲ್ಲಿಸಿ ನೋಡೋಣ. ಕೊಟ್ಟವರು ಯಾರೆಂದು ಹೇಳಲಿಲ್ಲ. ಹಾಳೆಯಲ್ಲೂ ಹೆಸರು ಬರೆಯಲಿಲ್ಲ. ಒಂದು ಮನೆಯನ್ನು ಒಡೆಯದೆ ಉಳಿಸಿದ ಮೌನ ಅದು.

ಬುಧವಾರ ನೂರ ಮೂವತ್ತು. ಶನಿವಾರ ಅರವತ್ತೆಂಟು. ಹೆಗಲ ಮೇಲಿನ ಮಂಜುಗಡ್ಡೆಯ ಪೆಟ್ಟಿಗೆಯನ್ನು ಯಾರೋ ಇಳಿಸಿಕೊಂಡಂತಾಗಿ ರೂಪೇಶ್ ವರಾಂಡದಲ್ಲೇ ಕುಳಿತು ಅತ್ತುಬಿಟ್ಟರು.

"ತೊಗಟೆ ತಂದದ್ದು ನಾನು ಅತ್ತಿಗೆ."

"ಗೊತ್ತುಂಟು. ಕಷಾಯದ ಮೇಲೆ ಮೆಂತೆ ಗಂಜಿ ಬಡಿಸಿದ್ದು ಯಾರು ಮತ್ತೆ? ನೀನೊಬ್ಬನೇ ಅಳಬೇಡ, ನನಗೂ ಸ್ವಲ್ಪ ಬಿಡು."

ಇದಾಗಿ ವರ್ಷ ತುಂಬುವ ಹೊತ್ತಿಗೆ ಪ್ರಭಾವತಿಯವರು ನಿವೃತ್ತರಾಗುತ್ತಿದ್ದಾರೆ. ಇನ್ನು ಕಾರ್ಕಳದಲ್ಲಿ ಕಿರಿಯ ವೈದ್ಯರಿಗೆ ವರದಿ ಓದಲು ಕಲಿಸುವರಂತೆ. ಅವರ ಕಣ್ಣು ಚುರುಕಾಗಿರಲಿ, ನಾಲಿಗೆಯೂ ಹಾಗೆಯೇ ಇರಲಿ. ನೂರು ತುಂಬುವವರೆಗೂ ರೋಗಿಗಳನ್ನು ಎದುರಿಗೆ ಕೂರಿಸಿ, ಎಂತ ತಿಂದಿರಿ, ಎಂತ ಕುಡಿದಿರಿ ಎಂದು ವಿಚಾರಿಸುತ್ತಿರಲಿ. ಅವರು ವರದಿ ಓದುವ ರೀತಿಗೆ ಇದಕ್ಕಿಂತ ದೊಡ್ಡ ಬಿರುದು ನನಗೆ ತಿಳಿದಿಲ್ಲ: ಆ ಶನಿವಾರ ಚಂದು, ಗಾಲಿಕುರ್ಚಿ ಬೇಡವೆಂದು ಹೇಳಿ, ವಾರ್ಡಿನಿಂದ ನಡೆದೇ ಹೊರಟರು. ಆಮೇಲೆ ತಪಾಸಣೆಗೆ ಬಂದದ್ದುಂಟು, ವಾರ್ಡಿಗೆ ಮತ್ತೆ ಸೇರಿಲ್ಲ.